ಕೆಲಸ ಹೋಗಿದೆ, ಪ್ರಾರ್ಥನೆ ಬರ್ತಿಲ್ಲ ಅಂದವರಿಗೆ

ಕೆಲಸ ಹೋದಮೇಲೆ ಪ್ರಾರ್ಥನೆಗೆ ಕೂತರೆ ಮಾತೇ ಹೊರಡಲ್ಲ, ಬೈಬಲ್‌ನಲ್ಲಿ ಎಲ್ಲಿಂದ ಓದಲಿ ಅಂತ ಕೇಳಿದ್ದೀರಿ. ಅದರಲ್ಲಿ ಕೀರ್ತನೆಗಳು ಅನ್ನೋ ಹಾಡು-ಪ್ರಾರ್ಥನೆಗಳ ಪುಸ್ತಕ ಇದೆ, ಅದರ ಕೀರ್ತನೆ 13ರಿಂದ ಶುರು ಮಾಡಿ. ಆರೇ ವಚನ. ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ದಾವೀದ ರಾಜ ಅದರಲ್ಲಿ ದೇವರ ಹತ್ತಿರ ಜಗಳಕ್ಕೇ ನಿಲ್ಲುತ್ತಾನೆ. ಕೊನೆಯಲ್ಲಿ ಹಾಡುತ್ತಾನೆ, ನಿಜ. ಆದರೆ ಅಲ್ಲಿಗೆ ಓಡಬೇಡಿ. ಮೊದಲ ಎರಡು ವಚನವನ್ನೇ ಗಟ್ಟಿಯಾಗಿ ಓದಿ, ನಿಮ್ಮ ಇಎಂಐ ಚಿಂತೆಯನ್ನೂ ಸೇರಿಸಿ ಹೇಳಿ. ಕೀರ್ತನೆ 88 ಅಂತೂ ಕತ್ತಲಲ್ಲೇ ಮುಗಿಯುತ್ತದೆ. ಅದೂ ಬೈಬಲ್‌ನಲ್ಲೇ ಇದೆ, ಅಲ್ವಾ?

‘ನಂಬಿಕೆ ಕಮ್ಮಿ, ಅದಕ್ಕೇ ಹೀಗಾಯ್ತು’ ಅನ್ನುವವರನ್ನು ಸುಮ್ನೆ ಬಿಡಿ. ಬೈಬಲ್‌ನಲ್ಲಿ ಎಲ್ಲ ಕಳೆದುಕೊಂಡು ನರಳಿದ ಯೋಬನ ಗೆಳೆಯರೂ ಅಂಥದ್ದೇ ಮಾತಾಡಿ ಕೊನೆಗೆ ದೇವರಿಂದ ಬೈಸಿಕೊಂಡರು. ಭಾನುವಾರದ ಆರಾಧನೆ ಮಾತ್ರ ತಪ್ಪಿಸಬೇಡಿ. ನಿಮಗೆ ಹಾಡಲು ಆಗದಿದ್ದರೆ ಪಕ್ಕದವರು ಹಾಡುತ್ತಾರೆ. ಕೆಲಸ ಹುಡುಕುತ್ತಿರುವ ವಿಷಯ ಸಭಾಪಾಲಕರಿಗೆ, ಅಂದರೆ ಚರ್ಚಿನ ಪಾಸ್ಟರ್‌ಗೆ, ಹೇಳಿಡಿ, ಸಂಕೋಚ ಬೇಡ. ಯಾರಿಗೆ ಯಾವ ಕಂಪನಿಯಲ್ಲಿ ಪರಿಚಯ ಇದೆ ಅಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ.