‘ರಾ’ ಸಾಲಿನ ತುದಿಯಲ್ಲಿ ಒಂಟಿಯಾದದ್ದೇಕೆ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಅಚ್ಚು ಮಾಡಿದ ಕುಮಾರವ್ಯಾಸನ ಗದುಗಿನ ಭಾರತದ ಮೊದಲ ಪದ್ಯದಲ್ಲಿ ಎರಡು ತಪ್ಪು ಹಿಡಿದಿದ್ದೀರಿ. ‘ರಾಜೀವ’ ಎಂಬ ಪದ ಮುರಿದು ‘ರಾ’ ಮೇಲಿನ ಸಾಲಿನಲ್ಲಿ ಉಳಿದಿದೆ. ಕೊನೆಯಲ್ಲಿ ‘ವೀರನಾರಾಯಣ’ ಎಂದಿರಬೇಕಾದದ್ದು ‘ವೀರನಾರಯಣ’ ಆಗಿದೆ. ಸಾಲುಗಳ ತುದಿ ಒಂದಕ್ಕೊಂದು ಹೊಂದುವುದಿಲ್ಲ, ಪ್ರಾಸ ಎಲ್ಲಿದೆ ಎಂದೂ ಕೇಳಿದ್ದೀರಿ. ನಮ್ಮ ಕರಡು ತಿದ್ದುವವರು ಬೈಸಿಕೊಂಡ ಸಂದರ್ಭಗಳು ಬೇಕಾದಷ್ಟಿವೆ. ಈ ಸಲ ಮಾತ್ರ ಅವರು ನಿರಪರಾಧಿಗಳು.

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ

ಪ್ರಾಸವನ್ನು ನೀವು ಸಾಲಿನ ಬಾಲದಲ್ಲಿ ಹುಡುಕಿದ್ದೀರಿ, ಅದು ತಲೆಯಲ್ಲಿದೆ. ಶ್ರೀವ, ಜೀವ, ಪಾವ: ಎರಡನೆಯ ಅಕ್ಷರ ಎಲ್ಲ ಸಾಲಿನಲ್ಲೂ ‘ವ’ಕಾರ. ಮುಂದಿನ ಮೂರು ಸಾಲುಗಳೂ ‘ರಾವ’, ‘ಧಾವಿ’, ‘ಕಾವು’ ಎಂದೇ ಏಳುತ್ತವೆ. ಸ್ವರ ಬದಲಾದರೆ ಅಡ್ಡಿಯಿಲ್ಲ, ವ್ಯಂಜನ ಬದಲಾಗಬಾರದು. ಅದರ ಹಿಂದಿನ ಅಕ್ಷರ ದೀರ್ಘವಾಗಿರುವುದರಿಂದ ಇದು ಗಜಪ್ರಾಸ. ಹ್ರಸ್ವವಾಗಿದ್ದರೆ ಸಿಂಹಪ್ರಾಸ, ಅನುಸ್ವಾರವಿದ್ದರೆ ವೃಷಭಪ್ರಾಸ. 10ನೆಯ ಶತಮಾನದ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಹೀಗೆ ಆರು ಪ್ರಾಣಿಗಳನ್ನು ಸಾಲಾಗಿ ಕಟ್ಟಿಹಾಕಿದ್ದಾನೆ. ನಮಗೆ ಅಭ್ಯಾಸವಾಗಿರುವ ಅಂತ್ಯಪ್ರಾಸ ಕನ್ನಡದಲ್ಲಿ ಹೆಚ್ಚು ಬಳಕೆಗೆ ಬಂದದ್ದು ಹೊಸಗನ್ನಡ ಕವಿತೆಯ ಕಾಲದಲ್ಲಿ. ಆದಿಪ್ರಾಸದ ಕಟ್ಟನ್ನು ಹರಿದವರು ಗೋವಿಂದ ಪೈ.

ಇನ್ನು ‘ರಾ’. ಇಲ್ಲಿ ಸಾಲು ಮುಗಿಯುವುದು ಪದ ಮುಗಿದಾಗ ಅಲ್ಲ, ಲೆಕ್ಕ ಮುಗಿದಾಗ. ಈ ಪದ್ಯದ ಆರು ಸಾಲಿನ ಛಂದಸ್ಸು ಭಾಮಿನಿ ಷಟ್ಪದಿ. ಅದರ 1, 2, 4, 5ನೆಯ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು 14 ಮಾತ್ರೆ. ಮಾತ್ರೆ ಎಂದರೆ ಉಚ್ಚಾರಣೆಯ ಕಾಲದ ಅಳತೆ: ಹ್ರಸ್ವಕ್ಕೆ ಒಂದು (ಲಘು), ದೀರ್ಘಕ್ಕೆ ಎರಡು (ಗುರು). ಶ್ರೀವ, ನಿತೆಯರ, ಸನೆವಿ, ಮಲರಾ. ಬೆರಳು ಮಡಿಸಿ ನೋಡಿ, ‘ರಾ’ಕ್ಕೆ ಬಂದಾಗ 14 ತುಂಬುತ್ತದೆ. ತುಂಬಿದ್ದಷ್ಟೇ ಅಲ್ಲ, ಮುಂದಿನ ಸಾಲಿಗೆ ಬೇಕಾದ ‘ಜೀವ’ವೂ ಅಲ್ಲಿಯೇ ಸಿಕ್ಕಿತು. ಪದ ಮುರಿದರೆ ಮುರಿಯಲಿ, ಪ್ರಾಸ ಉಳಿಯಲಿ ಎಂದು ಕನ್ನಡ ಕವಿಗಳು ಯತಿಯನ್ನು, ಅಂದರೆ ಪದ ಮುಗಿದಲ್ಲೇ ನಿಲ್ಲಬೇಕೆಂಬ ನಿಯಮವನ್ನು, ಬಹಳ ಹಿಂದೆಯೇ ಕೈಬಿಟ್ಟಿದ್ದರು.

3 ಮತ್ತು 6ನೆಯ ಸಾಲುಗಳು ಉದ್ದ: ಅದೇ ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ‘ವೀರ’ಕ್ಕೆ ಮೂರು, ‘ನಾರಯ’ಕ್ಕೆ ನಾಲ್ಕು, ಕೊನೆಯ ‘ಣ’ ಹ್ರಸ್ವವಾದರೂ ಗುರುವಿನ ಜಾಗದಲ್ಲಿ ಕುಳಿತಿದೆ. ‘ನಾರಾಯ’ ಎಂದು ಎಳೆದರೆ ಐದಾಗುತ್ತದೆ. ಸ್ವಂತ ಅಂಕಿತದಲ್ಲೇ ಕವಿ ಒಂದು ದೀರ್ಘ ಕತ್ತರಿಸಿದ್ದಾನೆ, ಅದನ್ನು ತಿದ್ದಲು ನಾವು ಯಾರು!

ಎಣಿಸುವಾಗ ಬಹಳ ಜನ ಎಡವುವುದು ಒತ್ತಕ್ಷರದಲ್ಲಿ. ಗುರುವಾಗುವುದು ಒತ್ತಕ್ಷರವಲ್ಲ, ಅದರ ಹಿಂದಿನ ಅಕ್ಷರ. ‘ಕತೆ’ ಎನ್ನಿ, ಆಮೇಲೆ ‘ಕತ್ತೆ’ ಎನ್ನಿ. ಎರಡನೆಯದರಲ್ಲಿ ನಾಲಿಗೆ ‘ಕ’ದ ಮೇಲೆ ಒಂದು ಕ್ಷಣ ಊರಿ ನಿಲ್ಲುತ್ತದೆ, ಆ ನಿಲುಗಡೆಗೇ ಎರಡನೆಯ ಮಾತ್ರೆ. ‘ಸಜ್ಜನ’ದ ‘ಸ’ ಹೀಗೆ ಗುರುವಾಗಿ, ಪದಕ್ಕೆ ನಾಲ್ಕು ಮಾತ್ರೆ ಬಂತು.

ಇಷ್ಟು ತಿಳಿದ ಮೇಲೆ ನಾಲ್ಕನೆಯ ಸಾಲಿಗೆ ಹೋಗಿ ನೀವು ಮತ್ತೆ ಪತ್ರ ಬರೆಯುತ್ತೀರಿ ಎಂದು ಗೊತ್ತು. ‘ರಾವಣಾಸುರ ಮಥನ ಶ್ರವಣ ಸು’: ‘ಶ್ರ’ದ ಹಿಂದಿನ ‘ನ’ವನ್ನು ಗುರು ಮಾಡಿದರೆ 15 ಆಗುತ್ತದೆ. ಅಲ್ಲಿ ‘ಶ್ರ’ವನ್ನು ಒತ್ತದೆ ತೇಲಿಸಿ ಓದಬೇಕು, ಆಗ ‘ನ’ ಲಘುವಾಗಿಯೇ ಉಳಿಯುತ್ತದೆ. ಪುಸ್ತಕ ಮುಚ್ಚಿಟ್ಟು ಕಾವ್ಯವನ್ನು ರಾಗವಾಗಿ ಓದುವ ಯಾರಾದರೂ ಗಮಕಿಗಳ ಬಾಯಲ್ಲಿ ಆ ಸಾಲು ಕೇಳಿ.

— ಸಂಪಾದಕ