ಕೇಳಿದಿರಿ, ಹೇಳುತ್ತೇವೆ: ರೂಫಸ್ ತಂಡದ ಮೊದಲ ಮುದ್ರಿಕೆಗಳು

ಪ್ರಶ್ನೆ: ಅಮೆರಿಕದ ಲಯಪ್ರಧಾನ ಫಂಕ್ ಸಂಗೀತವನ್ನು ಈಚೆಗಷ್ಟೇ ಕೇಳಲು ತೊಡಗಿದ್ದೇನೆ. ಚಾಕಾ ಖಾನ್ ಅವರ 1980ರ ದಶಕದ ಹಾಡುಗಳ ಪರಿಚಯವಿದೆ. ಅದಕ್ಕೂ ಮೊದಲು ಅವರು ರೂಫಸ್ ಎಂಬ ತಂಡದಲ್ಲಿ ಹಾಡುತ್ತಿದ್ದರೆಂದು ತಿಳಿಯಿತು. ಆ ಆರಂಭದ ಮುದ್ರಿಕೆಗಳಲ್ಲಿ ವಿಶೇಷವೇನಿದೆ? ಅಂಥ ದೊಡ್ಡ ದನಿಯ ಮುಂದೆ ತಂಡವು ಕೇವಲ ಪಕ್ಕವಾದ್ಯವಾಗಿತ್ತೇ?
– ಓದುಗರೊಬ್ಬರು, ಧಾರವಾಡ

ಉತ್ತರ: ರೂಫಸ್ ತಂಡವನ್ನು ಪಕ್ಕವಾದ್ಯವೆಂದು ಕರೆಯುವುದಾದರೆ, ಒಳ್ಳೆಯ ಕಚೇರಿಯಲ್ಲಿ ಮೃದಂಗ ಯಾವ ಅರ್ಥದಲ್ಲಿ ಪಕ್ಕವಾದ್ಯವೋ ಆ ಅರ್ಥದಲ್ಲಿ ಮಾತ್ರ ಕರೆಯಬಹುದು. ಹಾಡುವವರನ್ನು ಕೆಣಕಿ, ಕಾದು, ಬೇಕಾದಲ್ಲಿ ಸುಮ್ಮನಿದ್ದು ಮೇಲೆತ್ತುವ ಕೆಲಸವನ್ನು ಆ ವಾದಕರು ಮಾಡಿದರು.

ತಂಡ ಹುಟ್ಟಿದ್ದು ಶಿಕಾಗೊ ನಗರದಲ್ಲಿ. ಅದರ ಮೊದಲಿನ ಹೆಸರು ‘ಆಸ್ಕ್ ರೂಫಸ್’, ಅಂದರೆ ‘ರೂಫಸ್‌ನನ್ನು ಕೇಳಿ’. ಯಂತ್ರಗಳ ಬಗೆಗಿನ ಪತ್ರಿಕೆಯೊಂದರ ಪ್ರಶ್ನೋತ್ತರ ಅಂಕಣದಿಂದ ಆ ಹೆಸರನ್ನು ತೆಗೆದುಕೊಳ್ಳಲಾಗಿತ್ತೆಂಬುದನ್ನು ಈ ಅಂಕಣದಲ್ಲಿ ಹೇಳಲು ನನಗೆ ವಿಶೇಷ ಸಂತೋಷವಿದೆ. ಆಗ ತಂಡದ ಗಾಯಕಿಯಾಗಿದ್ದ ಪಾಲೆಟ್ ಮೆಕ್‌ವಿಲಿಯಮ್ಸ್ 1972ರಲ್ಲಿ ಹೊರನಡೆಯುವಾಗ ತಮ್ಮ ಜಾಗಕ್ಕೆ ಗೆಳತಿಯೊಬ್ಬಳನ್ನು ಸೂಚಿಸಿದರು. ಆ ಗೆಳತಿಯೇ ಇನ್ನೂ ಇಪ್ಪತ್ತು ತುಂಬದ ಚಾಕಾ ಖಾನ್. 1953ರಲ್ಲಿ ಜನಿಸಿದ ಅವರ ಹುಟ್ಟುಹೆಸರು ಇವೆಟ್ ಮರಿ ಸ್ಟೀವನ್ಸ್. ಬೆಳೆದದ್ದು ಶಿಕಾಗೊದ ಹೈಡ್ ಪಾರ್ಕ್ ಪ್ರದೇಶದಲ್ಲಿ.

ಎಬಿಸಿ ಎಂಬ ರೆಕಾರ್ಡ್ ಕಂಪನಿಗಾಗಿ 1973ರಲ್ಲಿ ಮುದ್ರಿಸಿದ ‘ರೂಫಸ್’ ಎಂಬ ಮೊದಲ ಆಲ್ಬಮ್ ದೊಡ್ಡ ಯಶಸ್ಸನ್ನೇನೂ ಕಾಣಲಿಲ್ಲ. ಕೀಬೋರ್ಡ್ ನುಡಿಸುತ್ತಿದ್ದ ರಾನ್ ಸ್ಟಾಕರ್ಟ್ ಅವರೂ ಅದರಲ್ಲಿ ಮುಖ್ಯ ಗಾಯಕರಾಗಿ ಕೇಳಿಬರುತ್ತಾರೆ. ಚಾಕಾ ಖಾನ್ ಅವರ ದನಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ತಂಡಕ್ಕೆ ಇನ್ನೂ ನಿಶ್ಚಯವಾಗಿರಲಿಲ್ಲವೆಂದೇ ನನಗನ್ನಿಸುತ್ತದೆ. ಆದರೆ ಆ ಆಲ್ಬಮ್‌ನಲ್ಲಿ ಅವರು ಹೆಸರಾಂತ ಗಾಯಕ, ಗೀತರಚನಕಾರ ಸ್ಟೀವಿ ವಂಡರ್ ಅವರ ‘ಮೇಬಿ ಯುವರ್ ಬೇಬಿ’ ಹಾಡನ್ನು ಎತ್ತಿಕೊಂಡಿದ್ದರು. ಅದನ್ನು ಮೆಚ್ಚಿದ ವಂಡರ್, ಎರಡನೆಯ ಆಲ್ಬಮ್ ಸಿದ್ಧವಾಗುತ್ತಿದ್ದಾಗ ತಾವೇ ಸ್ಟುಡಿಯೊಗೆ ಬಂದರು. ಚಾಕಾ ಖಾನ್ ಹಲವು ಬಾರಿ ನೆನಪಿಸಿಕೊಂಡಿರುವಂತೆ, ವಂಡರ್ ಮೊದಲು ನುಡಿಸಿ ತೋರಿಸಿದ ಹಾಡು ತನಗೆ ಹಿಡಿಸಲಿಲ್ಲವೆಂದು ಆಕೆ ನೇರವಾಗಿಯೇ ಹೇಳಿಬಿಟ್ಟರು. ಬಳಿಕ ಹುಟ್ಟಿದ್ದು ‘ಟೆಲ್ ಮಿ ಸಮ್‌ಥಿಂಗ್ ಗುಡ್’. ಈ ಹಾಡು 1974ರಲ್ಲಿ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಜನಪ್ರಿಯ ಪಾಪ್ ಹಾಡುಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು, ತಂಡಕ್ಕೆ ಗ್ರ್ಯಾಮಿ ಪ್ರಶಸ್ತಿಯನ್ನೂ ತಂದಿತು.

ದಯವಿಟ್ಟು ಈ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಲಯ ಬಹಳ ನಿಧಾನದ್ದು. ಗಿಟಾರಿನ ತುಣುಕು ಪೆಟ್ಟಿನ ಮೇಲೆ ಬೀಳದೆ ಅದರ ಪಕ್ಕದಲ್ಲೆಲ್ಲೋ ಬೀಳುವುದರಿಂದ, ತೊಡೆ ತಟ್ಟಿ ತಾಳ ಹಾಕುವ ಅಭ್ಯಾಸವುಳ್ಳ ನಮ್ಮಂಥವರೂ ಸಮ ಎಲ್ಲಿದೆಯೆಂದು ಒಂದೆರಡು ಆವರ್ತ ತಡಕಾಡುತ್ತೇವೆ. ಆಕೆ ಅಲ್ಲಿ ತನ್ನ ದನಿಯ ಪೂರ್ಣ ಬಲವನ್ನು ತೋರುವುದಿಲ್ಲ. ಚರಣದ ಸಾಲುಗಳನ್ನು ಮಾತಿಗೆ ಹತ್ತಿರವಾಗಿ ಹಾಡುತ್ತಾರೆ. ಪಲ್ಲವಿಗೆ ಮುನ್ನ ಏದುಸಿರು ಕೇಳಿಸುತ್ತದೆ, ಆ ಉಸಿರೇ ಒಂದು ತಾಳವಾದ್ಯವಾಗುತ್ತದೆ. ಕೊಳವೆಯೊಂದರ ಮೂಲಕ ಗಿಟಾರಿನ ನಾದವನ್ನು ಬಾಯಿಗೆ ತಂದು ಅಕ್ಷರಗಳಂತೆ ಹೊರಡಿಸುವ ಟಾಕ್ ಬಾಕ್ಸ್ ಉಪಕರಣವೂ ಜೊತೆಗಿದೆ. ಇವೆಲ್ಲ ಆದ ಮೇಲೆ ಆಕೆಯ ದನಿ ಒಮ್ಮೆಲೇ ತೆರೆದುಕೊಂಡಾಗ ಅದು ಎಷ್ಟು ದೊಡ್ಡದೆಂಬುದು ಕೇಳುಗರಿಗೆ ಗೊತ್ತಾಗುವುದು, ಅಲ್ಲಿಯವರೆಗೆ ತಂಡ ಅಷ್ಟೊಂದು ಜಾಗವನ್ನು ಖಾಲಿ ಬಿಟ್ಟಿದ್ದರಿಂದಲೇ.

ಪ್ರಶ್ನೆ: ಯಾವ ಆಲ್ಬಮ್‌ನಿಂದ ಕೇಳಲು ಆರಂಭಿಸಬೇಕು?
– ಅದೇ ಓದುಗರು

ಉತ್ತರ: 1974ರ ‘ರ‍್ಯಾಗ್ಸ್ ಟು ರೂಫಸ್’ನಿಂದ ಆರಂಭಿಸಿ. ಮೇಲೆ ಹೇಳಿದ ಹಾಡಲ್ಲದೆ, ಚಾಕಾ ಖಾನ್ ಮತ್ತು ಗಿಟಾರ್ ವಾದಕ ರೇ ಪಾರ್ಕರ್ ಜೂನಿಯರ್ ಸೇರಿ ಬರೆದ ‘ಯು ಗಾಟ್ ದ ಲವ್’ ಕೂಡ ಅದರಲ್ಲಿದೆ. ಅದೇ ವರ್ಷದ ಕೊನೆಗೆ ‘ರೂಫಸೈಸ್ಡ್’ ಬರುವ ಹೊತ್ತಿಗೆ ತಂಡದಲ್ಲಿ ಹಲವರು ಬದಲಾಗಿದ್ದರು. ಗಿಟಾರಿಗೆ ಟೋನಿ ಮೇಡನ್, ಬೇಸ್ ಗಿಟಾರಿಗೆ ಬಾಬಿ ವಾಟ್ಸನ್ ಬಂದಿದ್ದರು. ಕೀಬೋರ್ಡ್‌ನ ಕೆವಿನ್ ಮರ್ಫಿ ಮತ್ತು ಡ್ರಮ್ಸ್‌ನ ಆಂಡ್ರೆ ಫಿಷರ್ ಉಳಿದಿದ್ದರು. ನನ್ನ ಅಭಿಪ್ರಾಯದಲ್ಲಿ ರೂಫಸ್‌ನ ನಿಜವಾದ ಕಟ್ಟು ಕೂಡಿಬಂದದ್ದು ಇಲ್ಲಿಯೇ. ವಾಟ್ಸನ್ ಅವರ ಬೇಸ್ ಅನ್ನು ಮಾತ್ರ ಹಿಂಬಾಲಿಸುತ್ತ ಒಮ್ಮೆ ಇಡೀ ಆಲ್ಬಮ್ ಕೇಳಿದರೆ ನಿಮ್ಮ ಮೊದಲ ಪ್ರಶ್ನೆಗೆ ಇನ್ನೂ ಒಳ್ಳೆಯ ಉತ್ತರ ಸಿಗುತ್ತದೆ.

ಮೊದಲ ಆಲ್ಬಮ್ ಅನ್ನು ಆಮೇಲೆ ಕೇಳಿದರೂ ನಡೆದೀತು. ಆದರೆ 1975ರ ‘ರೂಫಸ್ ಫೀಚರಿಂಗ್ ಚಾಕಾ ಖಾನ್’ನಲ್ಲಿರುವ ‘ಸ್ವೀಟ್ ಥಿಂಗ್’ ಹಾಡನ್ನು ಮುಂದಕ್ಕೆ ಹಾಕಬೇಡಿ. ಮೇಡನ್ ಮತ್ತು ಚಾಕಾ ಖಾನ್ ಕೂಡಿ ಕಟ್ಟಿದ ಹಾಡದು. ಗಿಟಾರ್ ಮೆಲ್ಲಗೆ ದಾರಿ ತೋರುತ್ತದೆ, ಆಕೆ ಅದರ ಪಕ್ಕದಲ್ಲಿ ಕುಳಿತು ಹಾಡಿದಂತೆ ಹಾಡುತ್ತ, ಕೊನೆಕೊನೆಗೆ ಮೇಲಿನ ಸ್ವರಗಳಿಗೆ ಏರುತ್ತಾರೆ. ಗಿಟಾರ್ ಮಾತ್ರ ತಾನಿದ್ದ ಕಡೆಯೇ ಇರುತ್ತದೆ.