‘ನಿನ್ನಿಷ್ಟ’ ಅನ್ನುವ ಗಂಡ ಮತ್ತು ಮೂರನೇ ಪೋಸ್ಟ್‌ಡಾಕ್

ಪ್ರಶ್ನೆ: ನನಗೆ 34. ಊರು ಸಾಗರ. ಬೆಂಗಳೂರಿನಲ್ಲಿ ಪಿಎಚ್.ಡಿ. ಮುಗಿಸಿ, ಈಗ ನೆದರ್ಲೆಂಡ್ಸ್‌ನಲ್ಲಿ ಎರಡನೇ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ) ಮಾಡುತ್ತಿದ್ದೇನೆ. ಗೆಲಾಕ್ಸಿಗಳ ತಿರುಗುವ ವೇಗ, ಅದರಿಂದ ಸುಳಿವು ಸಿಗುವ, ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ನನ್ನ ವಿಷಯ. ಚಿಲಿಯಲ್ಲಿ ಇನ್ನೆರಡು ವರ್ಷದ ಪೋಸ್ಟ್‌ಡಾಕ್ ಸಿಕ್ಕಿದೆ. ಬೆಂಗಳೂರಿನ ಕಂಪನಿಯೊಂದು ಡೇಟಾ ಸೈಂಟಿಸ್ಟ್ ಕೆಲಸಕ್ಕೂ ಕರೆದಿದೆ. ಬೆಂಗಳೂರಿನಲ್ಲಿರುವ ಪತಿ, ‘ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು, ನಿನ್ನಿಷ್ಟ’ ಅನ್ನುತ್ತಾರೆ. ಅಮ್ಮನದು ‘ಮಗು ಯಾವಾಗ’ ಎಂಬ ಒಂದೇ ಪ್ರಶ್ನೆ. ಫೆಬ್ರುವರಿ 15ರೊಳಗೆ ಚಿಲಿಯವರಿಗೆ ಉತ್ತರ ಕೊಡಬೇಕು. ಬಿಟ್ಟರೆ ಓದಿದ್ದೆಲ್ಲ ವ್ಯರ್ಥ ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಎರಡು ಪುಟದ ಪತ್ರವನ್ನು ಇಲ್ಲಿ ಚಿಕ್ಕದು ಮಾಡಿದ್ದೇನೆ. ಅದರ ತುಂಬ ಅರ್ಜಿ, ಶಿಫಾರಸು ಪತ್ರ, ವೀಸಾಗಳ ಗೋಳೇ ಇದೆ. ಒಂದು ಕಡೆ ಮಾತ್ರ, ಪುಟ್ಟ ಗೆಲಾಕ್ಸಿಯೊಂದರ ಅಂಚಿನಲ್ಲೂ ಅನಿಲದ ವೇಗ ಇಳಿಯದ ಗ್ರಾಫ್ ನೋಡುತ್ತ ಕೂತಿದ್ದಾಗ ಕುಕ್ಕರ್ ಎಷ್ಟು ಸೀಟಿ ಹಾಕಿತೋ ಗೊತ್ತಾಗಲಿಲ್ಲ, ಅನ್ನ ತಳ ಹಿಡಿಯಿತು ಎಂದಿದ್ದೀರಿ. ಆ ನಾಲ್ಕು ಸಾಲಿನಲ್ಲಿ ದೂರೇ ಇಲ್ಲ. ಕೆಲಸ ನಿಮಗೆ ಬೇಸರವಾಗಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಿ ಸಾಕಾಗಿದೆ.

ನನಗೆ ಚುಚ್ಚಿದ್ದು ನಿಮ್ಮ ಪತಿಯ ಮಾತು. ನೀವು ಚಿಲಿಗೆ ಹೋಗಿ ಏನಾದರೂ ಎಡವಟ್ಟಾದರೆ ‘ನೀನೇ ತಾನೇ ಹೋಗಿದ್ದು’. ಬಿಟ್ಟು ಬಂದು ಕೊರಗಿದರೆ ‘ನಾನೇನು ಬಿಡು ಅಂದಿದ್ನಾ?’ ಎರಡೂ ಕಡೆ ಅವರು ಪಾರು! ಅವರು ಕೆಟ್ಟವರು ಅನ್ನುತ್ತಿಲ್ಲ. ಹೆಂಡತಿಗೆ ಅಡ್ಡಿಯಾಗಬಾರದು ಎಂಬ ಒಳ್ಳೆಯತನದಲ್ಲೇ ಬಹಳ ಗಂಡಸರು ಹೀಗೆ ಹೇಳಿ ಸುಮ್ಮನಾಗುತ್ತಾರೆ. ಭಾರವೆಲ್ಲ ಹೆಂಡತಿಯ ತಲೆಗೆ ಬಿತ್ತೆಂದು ಅವರಿಗೆ ಹೊಳೆಯುವುದೇ ಇಲ್ಲ.

ನಿಮ್ಮ ವಿಷಯದವರಿಗೆಲ್ಲ ಅಮೆರಿಕದ ಖಗೋಳ ವಿಜ್ಞಾನಿ ವೆರಾ ರೂಬಿನ್ ಆದರ್ಶ. 1970ರಲ್ಲಿ ಸಹೋದ್ಯೋಗಿ ಕೆಂಟ್ ಫೋರ್ಡ್ ಜೊತೆ ಆಂಡ್ರೊಮಿಡಾ ಗೆಲಾಕ್ಸಿಯ ತಿರುಗುವ ವೇಗದ ಅಳತೆ ಪ್ರಕಟಿಸಿದವರು, ನಾಲ್ಕು ಮಕ್ಕಳ ತಾಯಿ. ‘ಅವರು ಮಾಡಲಿಲ್ಲವಾ’ ಎಂದು ನಿಮ್ಮನ್ನು ನೀವು ಹಂಗಿಸಿಕೊಳ್ಳಬೇಡಿ. ಅವರ ಮನೆಯ ಏರ್ಪಾಡು ಹೇಗಿತ್ತು ನೋಡಿ. 1954ರಲ್ಲಿ ಮುಗಿದ ಅವರ ಪಿಎಚ್.ಡಿ.ಗೆ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ರಾತ್ರಿ ತರಗತಿ. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಗಂಡ ರಾಬರ್ಟ್ ಕರೆದೊಯ್ದು, ಕಾರಿನಲ್ಲೇ ಊಟ ಮಾಡಿಕೊಂಡು, ಪಾಠ ಮುಗಿಯುವವರೆಗೆ ಕಾಯುತ್ತಿದ್ದರು. ಅಷ್ಟು ಹೊತ್ತು ಮಕ್ಕಳನ್ನು ನೋಡಿಕೊಂಡವರು ಅಜ್ಜ ಅಜ್ಜಿ.

ಇನ್ನು ‘ವ್ಯರ್ಥ’ದ ಮಾತು. ಗದ್ದಲದ ದತ್ತಾಂಶದಿಂದ ಸಂಕೇತ ಹೆಕ್ಕುವ ವಿದ್ಯೆಗಾಗಿಯೇ ಆ ಕಂಪನಿ ನಿಮ್ಮನ್ನು ಕರೆದಿದೆ, ಹಾಗಾಗಿ ಓದು ಎಲ್ಲೂ ಹೋಗುವುದಿಲ್ಲ. ಆದರೆ ‘ಸಂಜೆ ಹೊತ್ತು ಸಂಶೋಧನೆ ಮುಂದುವರಿಸುತ್ತೇನೆ’ ಎಂಬ ಲೆಕ್ಕ ಬೇಡ. ನಕ್ಷತ್ರಗಳನ್ನು ಅಳೆದ ಗಯಾ ಉಪಗ್ರಹದ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ನಿಜ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆ ಸೇರಿದ ಮೇಲೆ ಅದನ್ನು ತೆರೆಯುವವರು ಅಪರೂಪ.

ನೀವು ಯೋಚಿಸದ ದಾರಿಯೊಂದಿದೆ. ಪೋಸ್ಟ್‌ಡಾಕ್‌ಗೆ ಪರದೇಶವೇ ಆಗಬೇಕೆಂದಿಲ್ಲ. ಕೋರಮಂಗಲದ ಖಭೌತವಿಜ್ಞಾನ ಸಂಸ್ಥೆ ಐಐಎ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಪುಣೆಯ ಖಗೋಳ ಸಂಶೋಧನಾ ಕೇಂದ್ರಗಳಾದ ಐಯುಕಾ, ಎನ್‌ಸಿಆರ್‌ಎ ಇವೆ. ಪುಣೆ ಜಿಲ್ಲೆಯ ನಾರಾಯಣಗಾಂವ್ ಬಳಿ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ 30 ಡಿಶ್‌ಗಳಿವೆ, ಗೆಲಾಕ್ಸಿಗಳ ಹೈಡ್ರೋಜನ್ ಅಳೆಯಲು ಅವು ನಿಮಗೂ ಬೇಕಾದವು. ನಿಮ್ಮೂರ ಪಕ್ಕದ ಶರಾವತಿ ಹಿನ್ನೀರಿನಲ್ಲೇ ರಾಮನ್ ಸಂಸ್ಥೆಯವರು 2020ರಲ್ಲಿ ‘ಸರಸ್’ ರೇಡಿಯೊ ದೂರದರ್ಶಕವನ್ನು ತೇಲಿಬಿಟ್ಟರು. ಮೊದಲ ನಕ್ಷತ್ರಗಳ ಕಾಲದ ಸಂಕೇತ ಸಿಕ್ಕಿತೆಂದು 2018ರಲ್ಲಿ ಬೇರೊಂದು ತಂಡ ಹೇಳಿತ್ತಲ್ಲ, ಅದು ತಮಗೆ ಕಾಣಲಿಲ್ಲವೆಂದು 2022ರಲ್ಲಿ ಪ್ರಕಟಿಸಿದರು. ಕಾಯಂ ಹುದ್ದೆ ಇಲ್ಲೂ ಬೆರಳೆಣಿಕೆಯಷ್ಟೇ. ಕೆಲವು ಫೆಲೋಶಿಪ್‌ಗಳಿಗೆ ವಯೋಮಿತಿಯೂ ಇದೆ, ಈ ವಾರವೇ ನೋಡಿಕೊಳ್ಳಿ.

ಈ ಭಾನುವಾರ ಪತಿಗೆ ನೇರವಾಗಿ ಕೇಳಿ: ಚಿಲಿಯ ಸ್ಯಾಂಟಿಯಾಗೊಗೆ ಬಂದಿರುತ್ತೀರಾ? ಇಲ್ಲವಾದರೆ ಎಂಟೂವರೆ, ಒಂಬತ್ತೂವರೆ ಗಂಟೆಯ ವ್ಯತ್ಯಾಸದಲ್ಲಿ ಎರಡು ವರ್ಷ ಫೋನಿನಲ್ಲೇ ಸಂಸಾರ ನಡೆಯುತ್ತದಾ? ಮಗು ಬೇಕಾ, ಯಾವಾಗ, ಯಾವ ಊರಿನಲ್ಲಿ? ಮತ್ತೆ ‘ನಿನ್ನಿಷ್ಟ’ ಅಂದರೆ ಫೋನ್ ಇಡದೆ ಇನ್ನೊಮ್ಮೆ ಕೇಳಿ. ಅವರು ಜೊತೆಗೆ ಬರುವುದಾದರೆ ಚಿಲಿ ಒಪ್ಪಿಕೊಳ್ಳಿ. ಇದೇ ಕೊನೆಯ ಪೋಸ್ಟ್‌ಡಾಕ್ ಎಂದು ಇಬ್ಬರೂ ನಿಶ್ಚಯಿಸಿ, ಮೊದಲ ವರ್ಷವೇ ಇಲ್ಲಿನ ಹುದ್ದೆಗಳಿಗೆ ಅರ್ಜಿ ಹಾಕಿ. ಬರಲಾಗದು ಎಂದರೆ, ಕಂಪನಿಗೆ ಹೂಂ ಅನ್ನುವ ಮೊದಲು ಬೆಂಗಳೂರು, ಪುಣೆಯ ಸಂಸ್ಥೆಗಳಿಗೆ ಬರೆದು ನೋಡಿ.

ಅಮ್ಮನಿಗೆ ಈ ಸಲ ನೀವು ಉತ್ತರ ಕೊಡಬೇಡಿ. ಅವರ ಅಳಿಯನೇ ಕೊಡಲಿ.